ಡ್ರೈಯರ್‌ನಲ್ಲೂ ಬಟ್ಟೆ ಒಣಗುತ್ತಿಲ್ಲವೇ? ನೀರಿನ ದಾರಿ ಹುಡುಕಿ

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನವರಿಗೆ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ಬೆಂಗಳೂರಿನ ಫ್ಲ್ಯಾಟುಗಳಲ್ಲಂತೂ ಹಗ್ಗ ಕಟ್ಟಲೂ ಜಾಗವಿಲ್ಲ. ಅದಕ್ಕೇ ಡ್ರೈಯರ್ ತರುತ್ತಾರೆ. ತಂದ ಮೇಲೆ ಶುರುವಾಗುವ ದೂರು: 'ಎರಡು ಗಂಟೆ ತಿರುಗಿದರೂ ಜೀನ್ಸ್‌ನ ಸೊಂಟಪಟ್ಟಿ ಹಸಿಹಸಿ!'

ಡ್ರೈಯರ್ ನೀರನ್ನು ಮಾಯ ಮಾಡುವುದಿಲ್ಲ. ಬಟ್ಟೆಯಿಂದ ಬಿಡಿಸಿ ಬೇರೆ ಕಡೆಗೆ ಸಾಗಿಸುತ್ತದೆ, ಅಷ್ಟೆ. ಆ ದಾರಿಯಲ್ಲಿ ತಡೆ ಎಲ್ಲಿದೆ ಎಂದು ಒಂದೊಂದೇ ಕಡೆ ನೋಡುತ್ತ ಹೋಗಿ.

ಮೊದಲು ನೋಡಬೇಕಾದದ್ದು ಡ್ರೈಯರನ್ನಲ್ಲ, ವಾಷಿಂಗ್ ಮೆಷಿನನ್ನು. ಒಂದು ಲೀಟರ್ ನೀರನ್ನು ಶಾಖದಿಂದ ಆವಿ ಮಾಡಲು ಅರ್ಧ ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಸ್ಪಿನ್ ಅಷ್ಟೇ ನೀರನ್ನು ಅದರ ಸಣ್ಣ ಪಾಲಿನಲ್ಲಿ ಹಿಂಡಿಬಿಡುತ್ತದೆ. ಸ್ಪಿನ್ ವೇಗ 800ರಲ್ಲಿದ್ದರೆ 1200ಕ್ಕೆ ಏರಿಸಿ ನೋಡಿ. ರೇಷ್ಮೆ, ಉಣ್ಣೆಗೆ ಬೇಡ.

ಒಗೆಯುವುದು, ಒಣಗಿಸುವುದು ಎರಡೂ ಒಂದೇ ಯಂತ್ರದಲ್ಲಾದರೆ ಇನ್ನೆರಡು ವಿಷಯ ಗಮನಿಸಿ. 8 ಕೆ.ಜಿ. ಒಗೆಯುವ ಯಂತ್ರ ಸಾಮಾನ್ಯವಾಗಿ 5 ಕೆ.ಜಿ.ಯಷ್ಟನ್ನೇ ಒಣಗಿಸಬಲ್ಲದು, ಆದ್ದರಿಂದ ಒಗೆದಾದ ಮೇಲೆ ಒಂದಷ್ಟು ಬಟ್ಟೆ ತೆಗೆದಿಡಿ. ಎರಡನೆಯದು ನಲ್ಲಿ. ಇಂಥ ಹಲವು ಯಂತ್ರಗಳು ಆವಿಯನ್ನು ತಣ್ಣೀರಿನಿಂದ ತಂಪಾಗಿಸಿ ಮತ್ತೆ ನೀರಾಗಿಸುತ್ತವೆ. ಒಗೆತ ಮುಗಿಯಿತೆಂದು ನಲ್ಲಿ ಮುಚ್ಚಿಬಿಟ್ಟರೆ ಆವಿ ಒಳಗೇ ಸುತ್ತುತ್ತಿರುತ್ತದೆ. ನೀರು ಉಳಿಸುವ ಅಭ್ಯಾಸ ಒಳ್ಳೆಯದೇ, ಆದರೆ ಇಲ್ಲಿ ಅದೇ ಕಾರಣವಾಗಿರಬಹುದು.

ಈಗ ಲಿಂಟ್ ಫಿಲ್ಟರ್. ಪ್ರತಿ ಸಲವೂ ಜುಂಗು ತೆಗೆಯುತ್ತೀರಿ, ಸರಿ. ಒಮ್ಮೆ ಆ ಜಾಲರಿಯ ಮೇಲೆ ನೀರು ಸುರಿದು ನೋಡಿ. ಇಳಿಯದೆ ಮೇಲೇ ನಿಂತರೆ, ಫ್ಯಾಬ್ರಿಕ್ ಸಾಫ್ಟ್‌ನರ್‌ನ ಜಿಡ್ಡು ಕಣ್ಣಿಗೆ ಕಾಣದ ಪೊರೆಯಾಗಿ ಕೂತಿದೆ ಎಂದರ್ಥ; ಗಾಳಿಯೂ ಹಾಗೆಯೇ ತಡೆದು ನಿಲ್ಲುತ್ತದೆ. ಬಿಸಿನೀರು, ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಪೂರ್ತಿ ಒಣಗಿದ ಮೇಲೆಯೇ ಮರಳಿ ಹಾಕಿ. ಫಿಲ್ಟರ್ ಇಲ್ಲದೆ ಯಂತ್ರ ಓಡಿಸಲೇಬೇಡಿ. ಜುಂಗು ಬೇಗ ಬೆಂಕಿ ಹಿಡಿಯುತ್ತದೆ. ಎಣ್ಣೆಸ್ನಾನದ ಟವೆಲ್‌ಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಎಣ್ಣೆ ಉಳಿದ ಬಟ್ಟೆ ಬಿಸಿಯಾಗಿ ರಾಶಿಬಿದ್ದರೆ ತಾನೇ ಹೊತ್ತಿಕೊಳ್ಳಬಹುದು.

ಮುಂದಿನ ಹೆಜ್ಜೆ ನಿಮ್ಮ ಯಂತ್ರ ಯಾವ ಬಗೆಯದು ಎನ್ನುವುದರ ಮೇಲಿದೆ. ಪೈಪಿನ ಮೂಲಕ ಹಬೆ ಹೊರಬಿಡುವ ಬಗೆಯಾದರೆ ಯಂತ್ರ ಓಡುವಾಗ ಪೈಪಿನ ಹೊರತುದಿಗೆ ಕೈ ಹಿಡಿಯಿರಿ. ಬಿಸಿಗಾಳಿ ಜೋರಾಗಿ ಬರಬೇಕು. ಬರದಿದ್ದರೆ ಪ್ಲಗ್ ಕಿತ್ತು ಪೈಪ್ ಬಿಚ್ಚಿ. ಗೋಡೆಗೆ ಒತ್ತಿ ಮಡಚಿಕೊಂಡಿರುತ್ತದೆ, ಇಲ್ಲವೇ ಜುಂಗು ತುಂಬಿರುತ್ತದೆ. ಪೈಪ್ ಹಾಕದೆ ಮುಚ್ಚಿದ ಯುಟಿಲಿಟಿಯಲ್ಲಿಟ್ಟರೆ ಯಂತ್ರ ತಾನು ಬಿಟ್ಟ ಹಬೆಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಬಟ್ಟೆಯೂ ಒಣಗದು, ಗೋಡೆಗೂ ಬೂಷ್ಟು.

ಹಬೆಯನ್ನು ಒಳಗೇ ತಂಪಾಗಿಸಿ ನೀರಾಗಿಸುವ ಕಂಡೆನ್ಸರ್ ಬಗೆಯಲ್ಲಿ ನೀರಿನ ಟ್ಯಾಂಕ್ ನೋಡಿ. ತುಂಬು ಹೊರೆ ಒಣಗಿಸಿದ ಮೇಲೂ ಅದರಲ್ಲಿ ನೀರಿಲ್ಲ, ಡ್ರೈನ್ ಪೈಪನ್ನೂ ಜೋಡಿಸಿಲ್ಲ ಎಂದಾದರೆ ಆವಿ ಎಲ್ಲೋ ಸೋರುತ್ತಿರಬಹುದು: ಬಾಗಿಲಿನ ರಬ್ಬರ್ ಒರೆಸಿ, ಕಂಡೆನ್ಸರ್ ಸರಿಯಾಗಿ ಕೂತಿದೆಯೇ ನೋಡಿ. ಹೊರತೆಗೆಯಲು ಬರುವಂಥದ್ದಾದರೆ ಅದನ್ನು ನಲ್ಲಿಯ ಕೆಳಗೆ ತೊಳೆಯಿರಿ. ಶಾಖವನ್ನೇ ಮರುಬಳಸುವ ಹೀಟ್ ಪಂಪ್ ಯಂತ್ರದಲ್ಲಿ ಅದು ಸಾಮಾನ್ಯವಾಗಿ ಬಿಚ್ಚಲು ಬರುವುದಿಲ್ಲ. ಕೈಗೆಟುಕುವಂತಿದ್ದರೆ ಮೆತ್ತನೆಯ ಬ್ರಷ್ ಆಡಿಸಿ.

'ಆಟೋ' ಇಟ್ಟಾಗ ಯಂತ್ರ ಬೇಗ ನಿಂತು, ಬಟ್ಟೆ ಹಸಿಯಾಗಿಯೇ ಉಳಿದರೆ ಸೆನ್ಸರ್ ಮೇಲೆ ಅನುಮಾನಪಡಿ. ಹೆಚ್ಚಿನ ಡ್ರೈಯರ್‌ಗಳಲ್ಲಿ ಅದು ಡ್ರಮ್ಮಿನೊಳಗಿನ ಎರಡು ಲೋಹದ ಪಟ್ಟಿ. ಒದ್ದೆ ಬಟ್ಟೆ ಎರಡಕ್ಕೂ ತಾಗಿದಾಗ ಸಣ್ಣ ವಿದ್ಯುತ್ ಹರಿದು 'ಇನ್ನೂ ಹಸಿ' ಎಂದು ಗೊತ್ತಾಗುತ್ತದೆ. ಜಿಡ್ಡು ಕೂತರೆ ವಿದ್ಯುತ್ ಹರಿಯದು. ಬಿಳಿ ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ. ಒಂದೆರಡೇ ಬಟ್ಟೆ ಹಾಕಿದಾಗಲೂ ಪಟ್ಟಿಗೆ ತಾಗದೆ ಮೋಸವಾಗುತ್ತದೆ. ಆಗ ಸಮಯ ನೀವೇ ನಿಗದಿಪಡಿಸಿ. ಬೆಡ್‌ಶೀಟ್ ಉಂಡೆಕಟ್ಟಿ ಒಳಗಿನದನ್ನು ಒಣಗಲು ಬಿಡುವುದಿಲ್ಲ, ಅದನ್ನು ಬೇರೆಯಾಗಿ ಹಾಕಿ.

ಡ್ರಮ್ ತಿರುಗಿದರೂ ಗಾಳಿ ತಣ್ಣಗಿದ್ದರೆ ಮೊದಲು ಬಿಸಿಯಿಲ್ಲದ ಪ್ರೋಗ್ರಾಂ ಇಟ್ಟಿಲ್ಲವಷ್ಟೇ ಎಂದು ನೋಡಿಕೊಳ್ಳಿ. ಆಮೇಲಿನದು ಮೆಕ್ಯಾನಿಕ್ ಕೆಲಸ. ಅವರು ಥರ್ಮಲ್ ಫ್ಯೂಸ್ ಬದಲಿಸಿ ಹೊರಟರೆ ಗಾಳಿಯ ದಾರಿಯನ್ನೂ ನೋಡಿದಿರಾ ಎಂದು ಕೇಳಿ. ಗಾಳಿ ಕಟ್ಟಿ ಒಳಗೆ ಶಾಖ ಏರಿದಾಗಲೇ ಆ ಫ್ಯೂಸ್ ಹೋಗುವುದು ಹೆಚ್ಚು; ದಾರಿ ತೆರವಾಗದಿದ್ದರೆ ಹೊಸ ಫ್ಯೂಸೂ ಉಳಿಯುವುದಿಲ್ಲ.