ಹುಂಜವೋ ಹ್ಯಾಟೆಯೋ: ನಾಟಿ ಮರಿಗಳನ್ನು ಗುರುತಿಸಿ ಹಿಂಡಿಗೆ ಸೇರಿಸುವ ಬಗೆ

ಸಂತೆಯಲ್ಲಿ ಮಂಕರಿ ತುಂಬ ಮರಿ ಇಟ್ಟುಕೊಂಡು "ಎಲ್ಲಾ ಹ್ಯಾಟೆನೇ ಸ್ವಾಮಿ" ಎನ್ನುವವರನ್ನು ನಂಬಿ ದುಡ್ಡು ಕೊಡಬೇಡಿ. ಒಂದು ದಿನದ ನಾಟಿ ಮರಿಯಲ್ಲಿ ಗಂಡು ಹೆಣ್ಣು ಹೇಳುವ ಗುರುತು ಹೊರಗೆ ಕಾಣುವುದಿಲ್ಲ. ಕಾಲು ಹಿಡಿದು ತಲೆಕೆಳಗೆ ಮಾಡುವುದು, ದಾರಕ್ಕೆ ಸೂಜಿ ಕಟ್ಟಿ ತೂಗುವುದು, ಚೂಪು ಮೊಟ್ಟೆಯಲ್ಲಿ ಹುಂಜ ಎನ್ನುವುದು, ಇವೆಲ್ಲ ಅರ್ಧ ಸಲ ನಿಜವಾಗುತ್ತವೆ. ಕಣ್ಣು ಮುಚ್ಚಿ ಹೇಳಿದರೂ ಅಷ್ಟೇ ಸಲ ನಿಜವಾಗುತ್ತದೆ.

ಹ್ಯಾಚರಿಗಳಲ್ಲಿ ಗುದದ್ವಾರ ತೆರೆದು ನೋಡಿ ಬೇರ್ಪಡಿಸುತ್ತಾರೆ. ಅದಕ್ಕೆ ದೀರ್ಘ ತರಬೇತಿ ಬೇಕು. ಮನೆಯಲ್ಲಿ ಹಿಸುಕಲು ಹೋದರೆ ಮರಿಯ ಪ್ರಾಣಕ್ಕೇ ಕುತ್ತು. ರೆಕ್ಕೆಗರಿಯ ಉದ್ದ ನೋಡಿ ಹೇಳುವ ವಿಧಾನ ಅದಕ್ಕೆಂದೇ ಕೂಡಿಸಿದ ತಳಿಗಳಿಗೆ ಮಾತ್ರ. ತಾಯಿಗೆ ಗರಿ ನಿಧಾನ, ತಂದೆಗೆ ಬೇಗ ಎಂದಿದ್ದರೆ, ತಾಯಿಯ ಆ ನಿಧಾನದ ಗುಣ ಗಂಡು ಮರಿಗಳಿಗಷ್ಟೇ ದಾಟುತ್ತದೆ, ಹೆಣ್ಣಿಗೆ ಬೇಗ ಗರಿ ಬರುತ್ತದೆ. ಬೀದಿಯಲ್ಲಿ ಬೆರೆತು ಬೆಳೆದ ನಾಟಿಗೆ ಈ ಲೆಕ್ಕ ಹೊಂದುವುದಿಲ್ಲ. ಇನ್ನು ಗುಲಾಬಿ, ಹಸಿರು ಬಣ್ಣ ಬಳಿದು ಅಗ್ಗಕ್ಕೆ ಮಾರುವ ಮರಿಗಳು ಹೆಚ್ಚಾಗಿ ಮೊಟ್ಟೆ ತಳಿಯ ಹ್ಯಾಚರಿಗಳು ಬೇಡವೆಂದು ಬಿಟ್ಟ ಗಂಡುಗಳೇ.

ಐದಾರು ವಾರಕ್ಕೆ ಮೊದಲ ಸುಳಿವು ಸಿಗುತ್ತದೆ. ಒಂದೇ ಕಾವಿನ ಮರಿಗಳನ್ನು ಒಟ್ಟಿಗೆ ನಿಲ್ಲಿಸಿ ಹೋಲಿಸಿ. ಬೇರೆ ವಯಸ್ಸಿನವನ್ನು ಪಕ್ಕಕ್ಕಿಟ್ಟರೆ ಮೋಸ ಹೋಗುತ್ತೀರಿ. ಜುಟ್ಟು ಅಗಲವಾಗಿ ಕೆಂಪೇರಿದ್ದು, ಕಾಲು ದಪ್ಪವಿದ್ದು, ಬೆನ್ನಿನ ಗರಿ ತಡವಾಗಿ ಬರುತ್ತಿರುವುದು ಹುಂಜ ಇರಬಹುದು. ಇಲ್ಲಿ ತೀರ್ಮಾನ ಬೇಡ, ಕಾಲಿಗೆ ಬಣ್ಣದ ದಾರ ಕಟ್ಟಿಟ್ಟರೆ ಸಾಕು. ಮರಿ ಬೆಳೆಯುತ್ತಿದ್ದಂತೆ ದಾರ ಬಿಗಿಯುತ್ತದೆ, ವಾರಕ್ಕೊಮ್ಮೆ ಸಡಿಲಿಸಿ.

ಖಾತ್ರಿಯಾಗುವುದು 10ರಿಂದ 14 ವಾರದಲ್ಲಿ, ಅದೂ ಗರಿಯಿಂದ. ಬಾಲದ ಬುಡದಲ್ಲಿ, ಸೊಂಟದ ಎರಡೂ ಬದಿಯ ಗರಿಗಳನ್ನು ಬೆರಳಿನಿಂದ ಬಿಡಿಸಿ ನೋಡಿ. ಸಪೂರವಾಗಿ, ತುದಿ ಚೂಪಾಗಿ, ಹೊಳೆಯುತ್ತಾ ಜೋತುಬಿದ್ದಿದ್ದರೆ ಹುಂಜ. ತುದಿ ದುಂಡಗಿದ್ದರೆ ಹ್ಯಾಟೆ. ಕಾಳಗದ ತಳಿಯಾದ ಅಸೀಲ್ ರಕ್ತವಿದ್ದರೆ ಜುಟ್ಟು ಚಿಕ್ಕದೇ ಉಳಿಯುತ್ತದೆ, ಬೋಳು ಕತ್ತಿನ ಕೋಳಿಗೆ ಕತ್ತಿನ ಗರಿಯೇ ಇಲ್ಲ. ಎರಡರಲ್ಲೂ ಸೊಂಟದ ಗರಿಯೇ ಗತಿ. ಕಾಲಿನ ಮುಳ್ಳಿನ ಮೊಳಕೆ ಹ್ಯಾಟೆಗಳಲ್ಲೂ ಇರುವುದರಿಂದ ಅದನ್ನು ನೆಚ್ಚಬೇಡಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಬಂದ ಗಿರಿರಾಜ, ಸ್ವರ್ಣಧಾರ ತಳಿಯ ಮರಿಗಳು ನಾಟಿಗಿಂತ ಬೇಗ ಬೆಳೆಯುವುದರಿಂದ ಗುರುತೂ ಬೇಗ ಕಾಣುತ್ತದೆ.

ಹಿಂಡಿಗೆ ಬಿಡಲೂ ಸುಮಾರು 12 ವಾರವೇ ಸರಿಯಾದ ವಯಸ್ಸು. ಅದಕ್ಕಿಂತ ಚಿಕ್ಕವು ಕುಕ್ಕು ತಿಂದು ಮೂಲೆಗೆ ಸೇರಿ ಮೇವಿಲ್ಲದೆ ಸೊರಗುತ್ತವೆ. ತಾಯಿಯ ಜೊತೆ ಬೆಳೆದ ಮರಿಗೆ ಇದು ಬೇಕಿಲ್ಲ, ಅವಳೇ ಕಾಯುತ್ತಾಳೆ.

ಹೊರಗಿನಿಂದ ತಂದವನ್ನು ಮೊದಲು ಕನಿಷ್ಠ 3 ವಾರ ದೂರ ಇಡಿ. ಹಳ್ಳಿಯವರು ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಹೊರಗೆ ಕಾಣಲು ಎರಡು ವಾರವೂ ಹಿಡಿಯಬಹುದು. ಚೆನ್ನಾಗಿ ಕಂಡ ಮರಿಯೇ ಹಿಂಡನ್ನು ಮುಗಿಸಬಹುದು. ಮೊದಲು ಹಳೆಯ ಕೋಳಿಗೆ ಮೇವು ನೀರು, ಆಮೇಲೆ ಹೊಸದಕ್ಕೆ. ಹೊಸದರ ಹತ್ತಿರ ಹೋಗಲು ಬೇರೆ ಚಪ್ಪಲಿ ಇರಲಿ. ಮೊದಲ ವಾರ ಕಣ್ಣಿಗೆ ರಾಣಿಖೇತ್ ಲಸಿಕೆಯಾದ ಲಸೋಟ ಹನಿ, ನಾಲ್ಕನೇ ವಾರ ಮತ್ತೊಮ್ಮೆ, 8 ವಾರಕ್ಕೆ ಅದೇ ರೋಗದ ಆರ್ 2 ಬಿ ಚುಚ್ಚುಮದ್ದು ಆಗಿದೆಯೇ ಕೇಳಿ. ಆಗಿಲ್ಲದಿದ್ದರೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ರೆಕ್ಕೆಯಡಿ ಮತ್ತು ಗುದದ ಸುತ್ತ ಹೇನು ಹುಡುಕಿ, ಜಂತುಹುಳದ ಔಷಧಿಯನ್ನೂ ಈಗಲೇ ಮುಗಿಸಿ. ಪಾವಗಡ, ಶಿರಾ ಕಡೆ ಕಡಲೆಕಾಯಿ ಸಿಪ್ಪೆಯನ್ನೇ ನೆಲಕ್ಕೆ ಹಾಸುವುದುಂಟು. ಒಳ್ಳೆಯದೇ, ಆದರೆ ಒದ್ದೆಯಾದರೆ ಬೂಷ್ಟು ಹಿಡಿದು ಮರಿಗಳ ಉಸಿರಾಟಕ್ಕೆ ತೊಂದರೆ. ಒದ್ದೆ ಹಾಸಿನಲ್ಲೇ ರಕ್ತಭೇದಿಯೂ ಹಬ್ಬುತ್ತದೆ. ಒಣಗಿಸಿ, ತಿರುವಿ ಹಾಕುತ್ತಿರಿ.

ನಂತರ ಹಳೆಯ ಕೋಳಿಗಳ ದೊಡ್ಡಿಯೊಳಗೇ ಜಾಲರಿ ಕಟ್ಟಿ 7ರಿಂದ 10 ದಿನ ಬಿಡಿ. ಪರಸ್ಪರ ನೋಡಬೇಕು, ಕುಕ್ಕಲಾಗಬಾರದು. ಜಾಲರಿಯ ಎರಡೂ ಕಡೆ ಪಕ್ಕಪಕ್ಕದಲ್ಲೇ ರಾಗಿ ಚೆಲ್ಲಿದರೆ ಒಟ್ಟಿಗೆ ತಿನ್ನುವ ರೂಢಿ ಬೀಳುತ್ತದೆ. ಒಂಟಿ ಹೊಸಬನನ್ನು ಬಿಡಬೇಡಿ, ಎಲ್ಲ ಕುಕ್ಕೂ ಅದರ ತಲೆಗೇ. ಮೂರಾದರೂ ಇರಲಿ.

ಜಾಲರಿ ತೆಗೆಯುವ ದಿನ ಕತ್ತಲಾದ ಮೇಲೆ ಹೊಸವನ್ನು ಎತ್ತಿ ಹಳೆಯವುಗಳ ಪಕ್ಕ ಕೋಲಿನ ಮೇಲೆ ಕೂರಿಸಿ, ಬೆಳಕು ಹರಿಯುವ ಹೊತ್ತಿಗೆ ಬಾಗಿಲು ತೆಗೆಯಿರಿ. ತಡವಾದರೆ ಇಕ್ಕಟ್ಟಿನಲ್ಲೇ ಜಗಳ ಶುರು. ಕೋಲಿನಲ್ಲಿ ತಲೆಗೆ ಸುಮಾರು 20 ಸೆಂ.ಮೀ., ಗೂಡಿನಲ್ಲಿ 2 ಚದರಡಿ ಜಾಗ ಬೇಕು. ಮೇವಿನ ತಟ್ಟೆಯೂ ನೀರಿನ ಪಾತ್ರೆಯೂ ಎರಡೆರಡು ಕಡೆ ಇಡಿ. ಒಂದೇ ಕಡೆ ಇದ್ದರೆ ಜೋರಿನ ಕೋಳಿ ಕಾವಲು ನಿಲ್ಲುತ್ತದೆ. ಮೊಟ್ಟೆ ಕೋಳಿಯ ಮೇವನ್ನು ಎಳೆಯವಕ್ಕೆ ಹಾಕಬಾರದು, ಅದರ ಸುಣ್ಣದ ಅಂಶ ಮೂತ್ರಪಿಂಡ ಕೆಡಿಸುತ್ತದೆ. ಎಲ್ಲಕ್ಕೂ ಬೆಳೆಯುವ ಮರಿಗಳ ಗ್ರೋವರ್ ಮೇವು ಹಾಕಿ, ಮೊಟ್ಟೆ ಇಡುವವಕ್ಕೆ ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ.

ಮೊದಲ ಮೂರ್ನಾಲ್ಕು ದಿನ ಅಟ್ಟಾಡಿಸುವುದು, ತಲೆಗೆ ಒಂದೆರಡು ಕುಕ್ಕು, ಮೊಟ್ಟೆ ಕಡಿಮೆಯಾಗುವುದು ಸಹಜ. ರಕ್ತ ಕಂಡರೆ ಮಾತ್ರ ತಡಮಾಡದೆ ಆ ಕೋಳಿಯನ್ನು ಬೇರ್ಪಡಿಸಿ, ಕೆಂಪು ಕಂಡಲ್ಲೆಲ್ಲ ಮಿಕ್ಕವು ಮುತ್ತುತ್ತವೆ. ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚಿ, ಗಾಯ ಒಣಗಿದ ಮೇಲೆ ಬಿಡಿ. ಕುಕ್ಕುವುದು ಒಂದೇ ಕೋಳಿಯಾದರೆ, ಅದನ್ನು ನಾಲ್ಕು ದಿನ ಹೊರಗಿಟ್ಟರೆ ಮರಳಿದಾಗ ಅದರ ಜೋರು ಇಳಿದಿರುತ್ತದೆ.

ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಹೆಚ್ಚಾದರೆ ಹ್ಯಾಟೆಗಳ ಬೆನ್ನಿನ ಗರಿ ಉದುರುತ್ತದೆ, ಹುಂಜಗಳೂ ಕಾದಾಡುತ್ತವೆ. ಮಿಕ್ಕ ಹುಂಜಗಳನ್ನು ಬೇರೆ ಕಟ್ಟಿ ಮೇಯಿಸಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಡೆದ ಮರಿಗಳು ಯುಗಾದಿಯ ಮರುದಿನದ ವರ್ಷತೊಡಕಿಗೆ ಮಾರುವಷ್ಟು ಬೆಳೆದಿರುತ್ತವೆ.