ಕ್ರಿಸ್‌ಮಸ್ ಮರ ತರಲು ಫಾರ್ಮ್‌ಗೆ ಹೊರಟಿದ್ದೀರಾ? ಪೋರ್ಟ್‌ಲ್ಯಾಂಡ್‌ಗೆ ಹೊಸದಾಗಿ ಬಂದವರಿಗೆ

ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮರುದಿನದಿಂದಲೇ ಬೀವರ್ಟನ್, ಹಿಲ್ಸ್‌ಬರೊ ರಸ್ತೆಗಳಲ್ಲಿ ಕಾರಿನ ಮೇಲೆ ಮರ ಕಟ್ಟಿಕೊಂಡು ಹೋಗುವವರು ಕಾಣಿಸುತ್ತಾರೆ. ಮಕ್ಕಳು ಶಾಲೆಯಿಂದ ಬಂದು "ನಮ್ಮನೆಗೆ ಯಾವಾಗ?" ಅಂತ ಪೀಡಿಸುವುದೂ ಆಗಲೇ. ಮರ ತರಬೇಕೋ ಬೇಡವೋ ಅನ್ನುವುದು ನಿಮ್ಮ ಮನೆಯ ವಿಚಾರ. ದೀಪಾವಳಿಗೆ ಹಾಕಿದ ಸೀರಿಯಲ್ ಸೆಟ್ಟನ್ನೇ ಮರಕ್ಕೂ ಸುತ್ತುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ತರುವುದಾದರೆ ಅಂಗಡಿ ಮುಂದಿನ ರಾಶಿಯಿಂದ ತರಬೇಡಿ, ಒಂದು ಸಣ್ಣ ಯು-ಕಟ್ ಫಾರ್ಮ್‌ಗೆ, ಅಂದರೆ ಮರವನ್ನು ನಾವೇ ಆರಿಸಿ ಕಡಿದು ತರುವ ಫಾರ್ಮ್‌ಗೆ ಹೋಗಿ.

ಅಮೆರಿಕದಲ್ಲಿ ಅತಿ ಹೆಚ್ಚು ಕ್ರಿಸ್‌ಮಸ್ ಮರ ಬೆಳೆಯುವ ರಾಜ್ಯ ನಮ್ಮ ಆರೆಗಾನ್. ದೊಡ್ಡ ಫಾರ್ಮ್‌ಗಳವರು ಕಡಿದ ಮರಗಳನ್ನು ಕಟ್ಟು ಕಟ್ಟಿ, ಹೆಲಿಕಾಪ್ಟರ್‌ನಲ್ಲಿ ಎತ್ತಿ ಲಾರಿಗೆ ತುಂಬುತ್ತಾರೆ. ನಾವು ಹೋಗುವುದು ಅಲ್ಲಿಗಲ್ಲ. ಫಾರೆಸ್ಟ್ ಗ್ರೋವ್, ಶೆರ್‌ವುಡ್, ಸ್ಯಾಂಡಿ, ಎಸ್ಟಕಾಡ ಕಡೆ ಕೆಲವೇ ಎಕರೆಯಲ್ಲಿ ಮನೆಮಂದಿಯೇ ನಡೆಸುವ ಫಾರ್ಮ್‌ಗಳಿವೆ. ಅಜ್ಜಿ ದುಡ್ಡಿನ ಡಬ್ಬಿ ಹಿಡಿದು ಕೂತಿರುತ್ತಾರೆ, ಮೊಮ್ಮಗ ಟ್ರ್ಯಾಕ್ಟರ್ ಓಡಿಸುತ್ತಿರುತ್ತಾನೆ.

ಯಾವಾಗ ಹೋಗಬೇಕು

ಬೇಗ. ಡಿಸೆಂಬರ್ 20ಕ್ಕೆ ಹೋದರೆ ಎಷ್ಟೋ ಕಡೆ ಗೇಟಿಗೆ ಬೀಗ ಹಾಕಿರುತ್ತದೆ. ಮರ ಆರೇಳು ಅಡಿ ಆಗಲು 7ರಿಂದ 10 ವರ್ಷ ಬೇಕು. ಪ್ರತಿ ಬೇಸಿಗೆಯಲ್ಲೂ ಒಂದೊಂದನ್ನೇ ಕತ್ತರಿಸಿ ಆಕಾರ ಕೊಡಬೇಕು. ಮುಂದಿನ ವರ್ಷಗಳಿಗೆ ಮರ ಉಳಿಸಿಕೊಳ್ಳಲೇಬೇಕಾದ್ದರಿಂದ ಸಣ್ಣ ಫಾರ್ಮಿನವರು ಈ ವರ್ಷಕ್ಕೆ ಇಷ್ಟೇ ಅಂತ ಎಣಿಸಿ ಮಾರುತ್ತಾರೆ. 2021ರ ಜೂನ್ ಕೊನೆಯಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು ಬಿತ್ತು, ಅಂದರೆ ಹತ್ತಿರ ಹತ್ತಿರ 47 ಸೆಲ್ಸಿಯಸ್. ಆ ವರ್ಷ ನೆಟ್ಟ ಎಳೆ ಸಸಿಗಳು ಎಷ್ಟೋ ಕಡೆ ಸುಟ್ಟುಹೋದವು. ಅಂಥ ಒಂದು ಬೇಸಿಗೆಯ ಪೆಟ್ಟು ಗಿರಾಕಿಗೆ ಗೊತ್ತಾಗುವುದು ವರ್ಷಗಳಾದ ಮೇಲೆ, ಆ ಸಾಲು ಕಟಾವಿಗೆ ಬರುವ ಹೊತ್ತಿಗೆ.

ಆದ್ದರಿಂದ ಹೊರಡುವ ಬೆಳಿಗ್ಗೆ ಒಂದು ಫೋನ್ ಮಾಡಿ. ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯದಲ್ಲಿ ಜಾತ್ರೆಯ ಹಾಗೆ ಜನ ಇರುತ್ತಾರೆ. ವಾರದ ನಡುವೆ ತೆರೆದಿರುವ ಕಡೆ ಅರ್ಧ ದಿನ ರಜೆ ಹಾಕಿ ಹೋದರೆ ಮಾಲೀಕರೇ ನಿಂತು ಮಾತಾಡಿಸುತ್ತಾರೆ. ಕೆಲವು ಕಡೆ ನವೆಂಬರ್ ಶುರುವಿನಲ್ಲೇ ಹೋಗಿ ಮರಕ್ಕೆ ಹೆಸರಿನ ಚೀಟಿ ಕಟ್ಟಿ ಬರಬಹುದು. ಬೇರೆಯವರ ಚೀಟಿ ಇರುವ ಮರದ ಹತ್ತಿರ ಗರಗಸ ಒಯ್ಯಬೇಡಿ, ಅದು ಆಗಲೇ ಮಾರಾಟವಾಗಿದೆ.

ಅಲ್ಲಿ ಏನೇನಿರುತ್ತದೆ

ಮಕ್ಕಳಿಗೆ ಟ್ರ್ಯಾಕ್ಟರ್ ಗಾಡಿಯಲ್ಲಿ ಹುಲ್ಲಿನ ಪೆಂಡಿ ಮೇಲೆ ಕೂತು ಸುತ್ತಾಟ, ಕೆಲವು ಕಡೆ ಆಡುಮರಿ, ವಾರಾಂತ್ಯದಲ್ಲಿ ಸ್ಯಾಂಟಾ. ಸ್ಯಾಂಟಾ ಇಡೀ ದಿನ ಕೂತಿರುವುದಿಲ್ಲ, ಹೊತ್ತು ಕೇಳಿಕೊಂಡೇ ಹೋಗಿ. ದೊಡ್ಡವರಿಗೆ ರೆಂಬೆ ಸುತ್ತಿ ರೀತ್ (ಬಾಗಿಲಿಗೆ ತೂಗುಹಾಕುವ ದುಂಡನೆಯ ಹಸಿರು ಹಾರ) ಮಾಡುವುದನ್ನು ಹೇಳಿಕೊಡುವ ಕಡೆಗಳಿವೆ. ಹೂ ಕಟ್ಟಿ ಅಭ್ಯಾಸವಿರುವ ನಮ್ಮ ಅಮ್ಮಂದಿರು ಇದರಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಾರೆ! ಬಿಸಿ ಸೈಡರ್ ಅಂದರೆ ಇಲ್ಲಿ ಮಸಾಲೆ ಹಾಕಿದ ಸೇಬಿನ ರಸ, ಮದ್ಯವಲ್ಲ, ಧೈರ್ಯವಾಗಿ ಕುಡಿಯಿರಿ. ಬೆಂಕಿಯಲ್ಲಿ ಸುಡಲು ಕೊಡುವ ಮಾರ್ಷ್‌ಮೆಲೋದಲ್ಲಿ ಮಾತ್ರ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ್ದು. ಸಸ್ಯಾಹಾರಿಗಳು ಅದಿಲ್ಲದ ಪೊಟ್ಟಣ ಕೊಂಡುಹೋಗುವುದು ಒಳ್ಳೆಯದು.

ಒಂದು ಮಾತು ನೇರವಾಗಿ ಹೇಳಬೇಕು. ಇದು ಪಾರ್ಕ್ ಅಲ್ಲ, ಒಂದು ಕುಟುಂಬದ ಬೆಳೆ. ನಮ್ಮವರು ಆರೇಳು ಕಾರಿನಲ್ಲಿ ಹೋಗಿ, ಎರಡು ಗಂಟೆ ಫೋಟೋ ತೆಗೆದು, ಏನೂ ಕೊಳ್ಳದೆ ಬರುವುದುಂಟು. ಚೆನ್ನಾಗಿರಲ್ಲ, ಅಲ್ವಾ? ಮರ ಬೇಡದಿದ್ದರೆ ಒಂದು ರೀತ್ ಆದರೂ ತೆಗೆದುಕೊಳ್ಳಿ. ಗುಂಪಾಗಿ ಹೋಗುವುದಾದರೆ ಮೊದಲೇ ತಿಳಿಸಿ. ಸಾಲಿನ ನಡುವೆ ಮೊಣಕಾಲೆತ್ತರದ ಸಸಿಗಳಿರುತ್ತವೆ, ಮಕ್ಕಳು ಓಡುವಾಗ ಅದರ ಮೇಲೆ ಕಣ್ಣಿರಲಿ.

ಮಳೆ ಇದ್ದೇ ಇರುತ್ತದೆ, ಕೆಸರೂ ಇರುತ್ತದೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಚಪ್ಪಲಿ ಬೇಡ, ಬೂಟ್ಸ್ ಹಾಕಿಸಿ. ಕೈಯಲ್ಲಿ ಸ್ವಲ್ಪ ಕ್ಯಾಶ್ ಇಟ್ಟುಕೊಳ್ಳಿ, ಕಾರ್ಡ್ ತೆಗೆದುಕೊಳ್ಳದವರೂ ಇದ್ದಾರೆ.

ಯಾವ ಮರ, ಹೇಗೆ ಕಡಿಯುವುದು

ಡಗ್ಲಸ್ ಫರ್ ಸಾಮಾನ್ಯವಾಗಿ ಅಗ್ಗ, ಒತ್ತಾಗಿರುತ್ತದೆ. ಆದರೆ ರೆಂಬೆ ಮೆದು, ಭಾರದ ಗೊಂಬೆ ತೂಗಿಸಿದರೆ ಜೋಲುತ್ತದೆ. ನೋಬಲ್ ಫರ್ ರೆಂಬೆಗಳು ಅಂತಸ್ತು ಅಂತಸ್ತಾಗಿ ಗಟ್ಟಿಯಾಗಿ ನಿಲ್ಲುತ್ತವೆ, ಬೆಲೆಯೂ ಜಾಸ್ತಿ. ಗ್ರ್ಯಾಂಡ್ ಫರ್ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ, ಕಿತ್ತಳೆ ಸಿಪ್ಪೆಯ ವಾಸನೆ. ಎಲೆ ಬೇಗ ಉದುರಬಾರದು ಅನ್ನುವವರಿಗೆ ನಾರ್ಡ್‌ಮನ್.

ಬಯಲಲ್ಲಿ ಚಿಕ್ಕದಾಗಿ ಕಂಡ ಮರ ಮನೆಯೊಳಗೆ ಬಂದಾಗ ಸೀಲಿಂಗಿಗೆ ಬಡಿಯುತ್ತದೆ. ಅಪಾರ್ಟ್‌ಮೆಂಟ್ ಸೀಲಿಂಗ್ 8 ಅಡಿ ಇದ್ದರೆ 6 ಅಡಿ ಮರ ಸಾಕು. ಅದಕ್ಕೂ ಮುಂಚೆ ಲೀಸ್ ಓದಿ. ಬೆಂಕಿಯ ಭಯಕ್ಕೆ ಹಸಿ ಮರ ತರಲು ಬಿಡದ ಅಪಾರ್ಟ್‌ಮೆಂಟ್‌ಗಳಿವೆ.

ಗರಗಸ ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಒಬ್ಬರು ಮಲಗಿ ಬುಡಕ್ಕೆ ಗರಗಸ ಹಾಕಿದರೆ, ಇನ್ನೊಬ್ಬರು ಮರವನ್ನು ಮೆಲ್ಲಗೆ ಆಚೆ ಬಾಗಿಸಿ ಹಿಡಿಯಬೇಕು. ಇಲ್ಲದಿದ್ದರೆ ಗರಗಸ ಕಚ್ಚಿಕೊಳ್ಳುತ್ತದೆ. ಎಷ್ಟು ಎತ್ತರಕ್ಕೆ ಕಡಿಯಬೇಕು ಅಂತ ಕೇಳಿ. ಕೆಲವರು ಕೆಳಗಿನ ಒಂದು ಸುತ್ತು ರೆಂಬೆ ಬಿಡಲು ಹೇಳುತ್ತಾರೆ. ಕೂಳೆ ಕಬ್ಬಿನ ಹಾಗೆ ಅದೇ ಬುಡದಿಂದ ಇನ್ನೊಂದು ಮರ ಬರಿಸುತ್ತಾರೆ. ಆಮೇಲೆ ಮೆಷಿನ್ನಿಗೆ ಕೊಟ್ಟು ಒಣ ಎಲೆ ಉದುರಿಸಿ, ಬಲೆ ಸುತ್ತಿಸಿ. ಕಾರಿನ ಮೇಲೆ ಬುಡ ಮುಂದಕ್ಕೆ ಬರುವಂತೆ ಕಟ್ಟಿ. ಹಗ್ಗ, ಹಳೆ ಬೆಡ್‌ಶೀಟ್ ನೀವೇ ಒಯ್ಯಿರಿ. ಕೈಗೆ ಅಂಟಿದ ಮರದ ಅಂಟು ಸೋಪಿಗೆ ಜಗ್ಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಆಮೇಲೆ ತೊಳೆಯಿರಿ.

ಮನೆಗೆ ಬಂದ ಮೇಲೆ

ಕಡಿದು ಏಳೆಂಟು ಗಂಟೆ ಕಳೆದಿದ್ದರೆ ಬುಡದಿಂದ ಅರ್ಧ ಇಂಚು ಮತ್ತೆ ಕೊಯ್ದು ನೀರಿಗಿಡಿ, ಇಲ್ಲದಿದ್ದರೆ ಅಂಟು ಕಟ್ಟಿಕೊಂಡು ನೀರು ಎಳೆಯುವುದಿಲ್ಲ. ಮೊದಲ ದಿನಗಳಲ್ಲಿ ಮರ ಕುಡಿಯುವುದು ನೋಡಿದರೆ ಗಾಬರಿಯಾಗಬೇಕು, ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೋಡಿ ತುಂಬಿಸಿ. ಬರೀ ನೀರು ಸಾಕು. ಸಕ್ಕರೆ, ಆಸ್ಪಿರಿನ್ ಎಲ್ಲ ಸುಮ್ನೆ. ಹೀಟರ್ ಗಾಳಿ ಬರುವ ಜಾಗದಲ್ಲಿ ಇಡಬೇಡಿ. ಎಲ್‌ಇಡಿ ದೀಪ ಹಾಕಿ, ಮಲಗುವಾಗ ಆರಿಸಿ. ಮರದ ಹತ್ತಿರ ಎಣ್ಣೆ ದೀಪ, ಕರ್ಪೂರ ಬೇಡವೇ ಬೇಡ.

ಜನವರಿಯಲ್ಲಿ ಸ್ಕೌಟ್ ಮಕ್ಕಳು ಸಣ್ಣ ಕಾಣಿಕೆ ಪಡೆದು ಮರ ಒಯ್ಯುತ್ತಾರೆ, ಬಾಗಿಲಿಗೆ ಸಿಕ್ಕಿಸುವ ಚೀಟಿ ನೋಡಿಕೊಳ್ಳಿ. ಇಲ್ಲದಿದ್ದರೆ ದೀಪ, ತಂತಿ ಎಲ್ಲ ಬಿಚ್ಚಿ, ತುಂಡು ಮಾಡಿ ಯಾರ್ಡ್ ಬಿನ್‌ಗೆ (ಹುಲ್ಲು, ಎಲೆ, ರೆಂಬೆ ಹಾಕುವ ಡಬ್ಬ) ಹಾಕಿ. ಬಿಳಿ ಹಿಮದ ಬಣ್ಣ ಹೊಡೆದ ಮರ ತಂದಿದ್ದರೆ ಅದು ಯಾರ್ಡ್ ಬಿನ್‌ಗೆ ಹೋಗುವಂತಿಲ್ಲ, ಕಸದ ಡಬ್ಬಕ್ಕೇ ಹಾಕಬೇಕು.