ಸಿಯಾಟಲ್‌ನಲ್ಲಿ ಪ್ಯಾಡಲ್ ಸಾಲಿಗಿಟ್ಟು ಆಡಿದ್ದು

ಮುಂಬೈಯಲ್ಲಿ ಪಿಕಲ್‌ಬಾಲ್ (ಪ್ಯಾಡಲ್ ಎಂಬ ಚಪ್ಪಟೆ ಬ್ಯಾಟಿನಿಂದ ತೂತಿನ ಪ್ಲಾಸ್ಟಿಕ್ ಚೆಂಡನ್ನು ನೆಟ್ಟಿನಾಚೆ ಹೊಡೆಯುವ ಆಟ) ಆಡಬೇಕೆಂದರೆ ಮೊದಲು ವಾಟ್ಸಾಪ್‌ನಲ್ಲಿ ನಾಲ್ವರು ಸೇರಬೇಕು. ಆಮೇಲೆ ಗಂಟೆ ಲೆಕ್ಕದಲ್ಲಿ ಕೋರ್ಟ್ ಬುಕ್ ಮಾಡಿ ದುಡ್ಡು ಹಂಚಿಕೊಳ್ಳಬೇಕು. ಮುಲುಂಡ್‌ನ ನಮ್ಮ ಕನ್ನಡ ಗೆಳೆಯರ ಗುಂಪು ಆಡುವುದು ಹೀಗೇ. ಅದಕ್ಕೇ, ನಾನು ಸಿಯಾಟಲ್‌ನ ಮಗಳ ಮನೆಯಿಂದ ವಾಪಸ್ ಬಂದಾಗ ಎಲ್ಲರೂ ಕೇಳಿದ್ದು ಒಂದೇ: "ಅಲ್ಲಿ ಯಾರ ಜೊತೆ ಆಡಿದ್ರಿ ಮಾರಾಯ್ರೆ?"

ಅಲ್ಲಿ ಜೊತೆ ಹುಡುಕುವ ಅಗತ್ಯವೇ ಇಲ್ಲ. ಅಲ್ಲಿನ ಪಾರ್ಕುಗಳಲ್ಲಿ 'ಓಪನ್ ಪ್ಲೇ' ಅಂತ ಸಮಯ ಇರುತ್ತದೆ. ಬಂದವರು ತಮ್ಮ ಪ್ಯಾಡಲನ್ನು ಬೇಲಿ ಪಕ್ಕದ ಸ್ಟ್ಯಾಂಡಿನಲ್ಲಿ ಸಾಲಾಗಿ ಇಡುತ್ತಾರೆ. ಕೋರ್ಟ್ ಖಾಲಿಯಾದ ಕೂಡಲೇ ಸಾಲಿನ ಮುಂದಿನ ನಾಲ್ಕು ಪ್ಯಾಡಲ್ ಯಾರದ್ದೋ ಅವರು ಒಳಗೆ. 11 ಪಾಯಿಂಟಿನ ಒಂದು ಆಟ, ಮುಗಿದ ಮೇಲೆ ಮತ್ತೆ ಸಾಲಿನ ಕೊನೆ. ಇಪ್ಪತ್ತರ ಹುಡುಗಿ, ಎಪ್ಪತ್ತರ ಅಜ್ಜ, ನಾನು, ಯಾರು ಯಾರಿಗೆ ಜೋಡಿ ಅಂತ ಸಾಲೇ ತೀರ್ಮಾನ ಮಾಡುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದು. ಎಲ್ಲಿ, ಯಾವಾಗ, ಯಾವ ಮಟ್ಟದವರು ಆಡುತ್ತಾರೆ ಅನ್ನೋದನ್ನು 'ಪ್ಲೇಟೈಮ್ ಷೆಡ್ಯೂಲರ್' ಎಂಬ ತಾಣದಲ್ಲಿ ನೋಡಿಕೊಳ್ಳುತ್ತಿದ್ದೆ. ಅಲ್ಲಿ 3.0, 3.5 ಅಂತ ಬರೆದಿದ್ದರೆ ಅದು ಆಟಗಾರರ ಮಟ್ಟ. ನಿಮ್ಮ ಮಟ್ಟ ಗೊತ್ತಿಲ್ಲದಿದ್ದರೆ ಸ್ವಲ್ಪ ಕೆಳಗಿನ ಗುಂಪಿಗೇ ಹೋಗಿ. ಎಲ್ಲರಿಗೂ ಆಟ ಚೆನ್ನಾಗಿರುತ್ತದೆ.

ಹೊಸಬರು ಮುಖ್ಯವಾಗಿ ರೂಢಿ ಮಾಡಿಕೊಳ್ಳಬೇಕಾದ್ದು ಸ್ಕೋರ್ ಹೇಳುವುದನ್ನು. ನಮ್ಮಲ್ಲಿ ಸುಮ್ನೆ ಸರ್ವ್ ಮಾಡಿಬಿಡುತ್ತೇವೆ, ಅಲ್ವಾ? ಅಲ್ಲಿ ಪ್ರತಿ ಸರ್ವ್‌ಗೂ ಮುಂಚೆ ಮೂರು ಸಂಖ್ಯೆ ಗಟ್ಟಿಯಾಗಿ ಹೇಳಬೇಕು: ನಮ್ಮ ಅಂಕ, ಎದುರಿನವರ ಅಂಕ, ಸರ್ವ್ ಮಾಡುತ್ತಿರುವುದು ಒಂದನೆಯವರೋ ಎರಡನೆಯವರೋ. ಆಟ ಶುರುವಾಗುವುದೇ 'ಝೀರೊ ಝೀರೊ ಟು' ಎಂದು. ಮೊದಲು ಸರ್ವ್ ಮಾಡುವ ಜೋಡಿಗೆ ಆಗ ಒಬ್ಬರದ್ದೇ ಸರದಿ, ಅದಕ್ಕೇ ಆ ಎರಡು. ನಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಹೇಳುವವರು ನಾವೇ. ಸರಿಯಾಗಿ ಕಾಣದಿದ್ದರೆ ಅದು ಒಳಗೇ. ನೆಟ್ಟಿನ ಬಳಿಯ 7 ಅಡಿಯ 'ಕಿಚನ್'ನಲ್ಲಿ ಕಾಲಿಟ್ಟು ವಾಲಿ, ಅಂದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ, ಹೊಡೆದರೆ ನಾವೇ ಒಪ್ಪಿಕೊಂಡು ಪಾಯಿಂಟ್ ಬಿಟ್ಟುಕೊಡಬೇಕು. ಇಷ್ಟು ಮಾಡಿದರೆ ಸಾಕು, ಅಪರಿಚಿತರು ಎರಡೇ ಆಟದಲ್ಲಿ ಹೆಸರು ಹಿಡಿದು ಕರೆಯುತ್ತಾರೆ.

ಚೆಂಡಿನ ವಿಷಯ ಬೇರೆಯೇ. ಹೊರಾಂಗಣದ ಚೆಂಡಿಗೆ ಸಾಮಾನ್ಯವಾಗಿ 40 ತೂತು, ಒಳಾಂಗಣದ್ದಕ್ಕೆ 26. ಮುಂಬೈಯ ಸೆಕೆಗೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಸಿಯಾಟಲ್‌ನ ಬೆಳಗಿನ ಚಳಿಯಲ್ಲಿ ಅದೇ ಚೆಂಡು ಗಟ್ಟಿಯಾಗುತ್ತದೆ. ಬೇಗ ಬಿರುಕೂ ಬಿಡುತ್ತದೆ. ಅದಕ್ಕೆ ನಾನು ಕೈ ಬೀಸುವುದನ್ನು ಕಡಿಮೆ ಮಾಡಿ, ಪ್ಯಾಡಲನ್ನು ಎದೆಯ ಮುಂದೆಯೇ ಹಿಡಿದು ಆಡಿದೆ. ತುಂತುರು ಬಿದ್ದರೆ ಆಟ ನಿಲ್ಲಿಸುವುದೇ ಕ್ಷೇಮ. ಒದ್ದೆ ಕೋರ್ಟ್ ತುಂಬಾ ಜಾರುತ್ತದೆ.

ಅಷ್ಟು ದೂರ ಹೋದವರು ಬೈನ್‌ಬ್ರಿಡ್ಜ್ ದ್ವೀಪಕ್ಕೆ ಹೋಗಲೇಬೇಕು. ಸಿಯಾಟಲ್‌ನಿಂದ ಫೆರಿಯಲ್ಲಿ ಸುಮಾರು 35 ನಿಮಿಷ. 1965ರ ಬೇಸಿಗೆಯಲ್ಲಿ ಜೋಯೆಲ್ ಪ್ರಿಚರ್ಡ್, ಬಿಲ್ ಬೆಲ್ ಮತ್ತು ಬಾರ್ನಿ ಮೆಕಲಮ್ ಹಳೆಯ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಈ ಆಟ ಕಟ್ಟಿದ್ದು ಅಲ್ಲೇ. ಇವತ್ತಿಗೂ ಕೋರ್ಟಿನ ಅಳತೆ ಡಬಲ್ಸ್ ಬ್ಯಾಡ್ಮಿಂಟನ್ನಿನದ್ದೇ, 20 ಅಡಿ 44 ಅಡಿ. ಬ್ಯಾಟಲ್ ಪಾಯಿಂಟ್ ಪಾರ್ಕಿನಲ್ಲಿ ಆ ಮೂವರ ನೆನಪಿನ ಫೌಂಡರ್ಸ್ ಕೋರ್ಟ್ಸ್ ಇವೆ. ಫೆರಿ ಇಳಿದು ನಡೆದು ಹೋಗುವಷ್ಟು ಹತ್ತಿರವಲ್ಲ, ಬಸ್ಸೋ ಟ್ಯಾಕ್ಸಿಯೋ ಬೇಕು. ಸುನಿಲ್ ವಾಲಾವಲ್ಕರ್ ಕೆನಡಾದಲ್ಲಿ ನೋಡಿ ಮುಂಬೈಗೆ ತಂದ ಆಟದ ಮೂಲ ಜಾಗದಲ್ಲಿ ಒಂದು ಸರ್ವ್ ಮಾಡಿದಾಗ ನನಗಾದ ಸಂತೋಷ ಸಣ್ಣದಲ್ಲ.

ಸಾಮಾನಿನಲ್ಲಿ ಎರಡೇ ಮುಖ್ಯ. ಪ್ಯಾಡಲನ್ನು ಬಟ್ಟೆಯ ನಡುವೆ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ, ಸೆಕ್ಯೂರಿಟಿಯಲ್ಲಿ ಚರ್ಚೆ ಬೇಡ. ಶೂ ಮಾತ್ರ ಹೊರಾಂಗಣದ ಕೋರ್ಟಿಗೆ ಆಗುವಂಥದ್ದೇ ಇರಲಿ. ಬ್ಯಾಡ್ಮಿಂಟನ್ ಶೂವಿನ ಮೆತ್ತನೆ ತಳ ಆ ಒರಟು ನೆಲದಲ್ಲಿ ಬೇಗ ಸವೆಯುತ್ತದೆ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಆಟದಲ್ಲಾಗುವ ಪೆಟ್ಟಿಗೂ ಅನ್ವಯಿಸುತ್ತದಾ ಅಂತ ಓದಿ ನೋಡಿ. ವಿಮಾನ ಇಳಿದ ಮರುದಿನವೇ ಆಡಬೇಡಿ. ನಿದ್ದೆಗೆಟ್ಟ ಕಾಲು ಹಿಂದಕ್ಕೆ ಓಡುವಾಗ ಸುಲಭವಾಗಿ ತಿರುಚಿಕೊಳ್ಳುತ್ತದೆ.